ಕೆರೆ ಸರ್ವೆಯಲ್ಲಿ ಕಾಣೆಯಾದ ಆಳ

ಕೆರೆ ಸರ್ವೆಗೆ ಈಚಿನ ವರ್ಷಗಳಲ್ಲಿ ಬಂದಿರುವ ಮರ್ಯಾದೆ ಅದು ಮಾಡುವ ಕೆಲಸಕ್ಕಿಂತ ದೊಡ್ಡದು. 2023ರಲ್ಲಿ ಜಲಶಕ್ತಿ ಸಚಿವಾಲಯ ಹೊರತಂದ ಮೊದಲ ಜಲಮೂಲ ಗಣತಿ ದೇಶದಲ್ಲಿ 24,24,540 ಜಲಮೂಲಗಳಿವೆ, ಅವುಗಳಲ್ಲಿ 38,496 ಒತ್ತುವರಿಯಾಗಿವೆ ಎಂದು ಹೇಳಿತು. ಒತ್ತುವರಿಯ ಅಂಕಿ ಸಿಕ್ಕಿತೆಂದರೆ ನಮ್ಮ ಪರಿಸರ ಲೇಖಕರಿಗೆ ಬೇರೇನೂ ಬೇಡ. ಎಷ್ಟು ಎಕರೆ ಹೋಯಿತು, ಯಾರು ನುಂಗಿದರು ಎಂಬಲ್ಲಿಗೆ ಲೇಖನ ಮುಗಿಯುತ್ತದೆ. ಕಲಬುರಗಿಯ ಬ್ರಹ್ಮಪುರದ ಶರಣಬಸವೇಶ್ವರ ಗುಡಿಗೆ ಸಮೀಪದ ಅಪ್ಪನ ಕೆರೆಯ ಮಾತು ಬಂದಾಗಲೂ ಅಷ್ಟೆ. ಉದ್ಯಾನ, ದಂಡೆ, ಬೇಲಿ, ಅಂತರಗಂಗೆ ಎಲ್ಲವೂ ಚರ್ಚೆಗೆ ಬರುತ್ತವೆ. ನೀರಿನಡಿ ಹೂಳು ಎಷ್ಟು ಅಡಿ ಕೂತಿದೆ ಎಂದು ಯಾರೂ ಕೇಳುವುದಿಲ್ಲ. ಗ್ರಾಮನಕ್ಷೆ, ಸೇತ್ವಾರು, ಪಹಣಿ ಹಿಡಿದು, ಈಗ ಡ್ರೋನ್ ಹಾರಿಸಿ, ಗಡಿಕಲ್ಲು ನೆಡುವುದು ನೆಲದ ಸರ್ವೆ. ನೀರಿನ ಸರ್ವೆ ಇನ್ನೂ ಶುರುವೇ ಆಗಿಲ್ಲ ಎಂಬುದು ನನ್ನ ವಾದ.

ಆಳವಿಲ್ಲದ ಕೆರೆಯಲ್ಲಿ ಈ ಲೋಪ ಸಣ್ಣದಲ್ಲ. ಐವತ್ತು ಮೀಟರ್ ಆಳದ ಜಲಾಶಯದಲ್ಲಿ ಅರ್ಧ ಮೀಟರ್ ತಪ್ಪಾದರೆ ಲೆಕ್ಕ ಹೆಚ್ಚೇನೂ ಕೆಡದು. ಸರಾಸರಿ ಎರಡು ಮೀಟರ್ ನೀರು ನಿಲ್ಲುವ ಕೆರೆಯಲ್ಲಿ ಅದೇ ತಪ್ಪು ಎಂದರೆ ಕಾಲು ಭಾಗ ನೀರೇ ಲೆಕ್ಕ ತಪ್ಪಿದಂತೆ. ಕಲಬುರಗಿ ಸೀಮೆಯ ಕೆರೆಗಳು ಹೆಚ್ಚಿನವು ಇಂಥವೇ: ಕಪ್ಪು ಮಣ್ಣಿನ ತಗ್ಗಿಗೆ ಏರಿ ಕಟ್ಟಿ ಹರವಾಗಿ ನಿಲ್ಲಿಸಿದ ನೀರು, ಮಳೆಗಾಲಕ್ಕೊಮ್ಮೆ ಹೊಲದಿಂದ ಕೊಚ್ಚಿ ಬರುವ ಎರೆಮಣ್ಣು. ಇಲ್ಲಿ ಒಂದೇ ಒಂದು ಗುಂಟೆ ಒತ್ತುವರಿಯಾಗದೆಯೂ ಅರ್ಧ ಕೆರೆ ಹೋಗಿರಬಹುದು. ವಿಸ್ತೀರ್ಣದಿಂದ ನೀರಿನ ಪ್ರಮಾಣ ಹೇಳುವುದು ಬಾಯಿಯ ಅಗಲ ನೋಡಿ ಹರವಿಯ ನೀರು ಹೇಳಿದಂತೆ.

ಆಳದ ಈ ಪ್ರಶ್ನೆಯನ್ನು ಸರಿಯಾಗಿ ಕೇಳಿಕೊಂಡವರು ಹೆಪ್ಪುಗಟ್ಟಿದ ನೆಲದಲ್ಲಿ ಕೆಲಸ ಮಾಡಿದವರು. ಅಲಾಸ್ಕಾದ ಉತ್ತರ ಕರಾವಳಿಯ ಬಯಲಿನಲ್ಲಿ ಸಾವಿರಾರು ತೆಳು ಕೆರೆಗಳಿವೆ. ಚಳಿಗಾಲದ ಕೊನೆಗೆ ಅವುಗಳ ಮೇಲೆ ಸುಮಾರು ಎರಡು ಮೀಟರ್ ದಪ್ಪದ ಮಂಜುಗಡ್ಡೆ ಕಟ್ಟುತ್ತದೆ. ಅದಕ್ಕಿಂತ ಕಡಿಮೆ ಆಳದ ಕೆರೆ ತಳದವರೆಗೂ ಗಟ್ಟಿಯಾಗಿ ಅಡಿಯ ನೆಲಕ್ಕೆ ಅಂಟಿಕೊಳ್ಳುತ್ತದೆ. ಹೆಚ್ಚು ಆಳದ್ದರಲ್ಲಿ ಗಡ್ಡೆಯ ಕೆಳಗೆ ನೀರು ಉಳಿಯುತ್ತದೆ, ಮೀನೂ ಉಳಿಯುತ್ತದೆ. 1968ರಲ್ಲಿ ಪ್ರುಢೋ ಕೊಲ್ಲಿಯಲ್ಲಿ ತೈಲ ಸಿಕ್ಕ ಮೇಲೆ ಚಳಿಗಾಲದಲ್ಲೂ ನೀರು ಬೇಕಾಯಿತು, ಹಾಗಾಗಿ ಯಾವ ಕೆರೆಯಲ್ಲಿ ನೀರು ಉಳಿದಿದೆ ಎಂಬುದು ವ್ಯವಹಾರದ ಪ್ರಶ್ನೆಯಾಯಿತು. 1975ರ ಹೊತ್ತಿಗೆ ಸಂಶೋಧಕರಾದ ಸೆಲ್‌ಮನ್, ವೀಕ್ಸ್ ಮತ್ತು ಸಂಗಡಿಗರು ವಿಮಾನದ ರೇಡಾರ್ ಚಿತ್ರಗಳಲ್ಲಿ ಉತ್ತರದ ಸುಳಿವು ಕಂಡರು: ನೀರಿನ ಮೇಲೆ ತೇಲುವ ಗಡ್ಡೆ ಬೆಳ್ಳಗೆ ಹೊಳೆಯುತ್ತದೆ, ನೆಲಕ್ಕೆ ಕಚ್ಚಿದ ಗಡ್ಡೆ ಕಪ್ಪಾಗಿ ಕಾಣುತ್ತದೆ. ಮಂಜುಗಡ್ಡೆಗೂ ನೀರಿಗೂ ವಿದ್ಯುತ್ ಗುಣದಲ್ಲಿ ಅಗಾಧ ಅಂತರವಿರುವುದರಿಂದ ಅವೆರಡೂ ಸೇರುವಲ್ಲಿ ಅಲೆ ಬಲವಾಗಿ ಹಿಂದಿರುಗುತ್ತದೆ. ಗಡ್ಡೆಗೂ ಹೆಪ್ಪುಗಟ್ಟಿದ ಮಣ್ಣಿಗೂ ಅಂಥ ಅಂತರವಿಲ್ಲ, ಅಲೆ ಮಣ್ಣಿನೊಳಗೆ ಹೊಕ್ಕುಹೋಗುತ್ತದೆ. ಚಳಿಗಾಲ ಮುಂದುವರಿದಂತೆ ಗಡ್ಡೆ ದಪ್ಪವಾಗಿ ಕಪ್ಪು ಅಂಚು ಒಳಕ್ಕೆ ಸರಿಯುತ್ತದೆ. ಆ ದಿನ ಗಡ್ಡೆ ಎಷ್ಟು ದಪ್ಪ ಎಂದು ಗೊತ್ತಿದ್ದರೆ ಆ ಅಂಚೇ ಆ ಆಳದ ಕಾಂಟೂರು, ಅಂದರೆ ಸಮ ಆಳದ ಗೆರೆ. 1991ರಲ್ಲಿ ಇಆರ್‌ಎಸ್-1 ಉಪಗ್ರಹ ಹಾರಿದ ನಂತರ ಇದು ವಾಡಿಕೆಯ ವಿಧಾನವಾಯಿತು. ಅದೇ ಕರಾವಳಿಯಲ್ಲಿ ಆಗ ಬ್ಯಾರೋ ಎನ್ನುತ್ತಿದ್ದ ಊರಿನ ಸುತ್ತಿನ ಕೆರೆಗಳಲ್ಲಿ 1991ರಿಂದ 2011ರ ನಡುವೆ ನೆಲಕಚ್ಚುವ ಗಡ್ಡೆ ಶೇ. 22ರಷ್ಟು ಕಡಿಮೆಯಾಯಿತೆಂದು ತಿಳಿದದ್ದೂ ಇದೇ ದಾರಿಯಲ್ಲಿ.

ಆದರೆ ಈ ವಿಧಾನವನ್ನು ಹೊಗಳುವವರು ಸಾಮಾನ್ಯವಾಗಿ ತಪ್ಪು ಪಾಠ ಕಲಿಯುತ್ತಾರೆ. ಮೇಲಿನಿಂದ ನೋಡಿದರೆ ಸಾಕು, ಆಳವೂ ತಿಳಿಯುತ್ತದೆ ಎಂಬುದು ಅವರ ತೀರ್ಮಾನ. ನಡೆದದ್ದು ಬೇರೆ. ಬೆಳ್ಳಗೆ ಕಾಣುವುದು ಯಾಕೆ ಎಂಬುದಕ್ಕೆ ದಶಕಗಳ ಕಾಲ ಒಪ್ಪಿಕೊಂಡ ವಿವರಣೆ, ಗಡ್ಡೆಯೊಳಗೆ ಕೊಳವೆಯಂತೆ ನಿಂತ ಗಾಳಿಗುಳ್ಳೆಗಳು ಅಲೆಯನ್ನು ಎರಡು ಬಾರಿ ಪುಟಿಸುತ್ತವೆ ಎಂಬುದು. 2015ರ ಹೊತ್ತಿಗೆ ಬಂದ ರೇಡಾರ್ ಅಲೆಯ ಧ್ರುವೀಕರಣದ ವಿಶ್ಲೇಷಣೆಗಳು ಅದನ್ನು ಅಲುಗಾಡಿಸಿದವು: ಮುಖ್ಯ ಕಾರಣ ಗುಳ್ಳೆಯಲ್ಲ, ಗಡ್ಡೆಯ ಅಡಿಮೈಯ ಒರಟುತನ. ಇಷ್ಟು ಕಾಲ ಕಾರಣವೇ ತಪ್ಪಾಗಿದ್ದರೂ ನಕ್ಷೆಗಳು ಹೇಗೆ ಸರಿಯಾದವು? ಜನ ಕೆರೆಯ ಮೇಲೆ ನಡೆದು ಹೋಗಿ, ಗಡ್ಡೆ ಕೊರೆದು, ದಪ್ಪವನ್ನೂ ಅಡಿಯ ನೀರನ್ನೂ ಅಳೆದು ಚಿತ್ರದ ಜತೆ ತಾಳೆ ನೋಡಿದ್ದರು. ಸಿದ್ಧಾಂತ ಬಿದ್ದಾಗಲೂ ಕೊರೆದ ತೂತು ನಕ್ಷೆಯನ್ನು ಕಾಪಾಡಿತು. ರೇಡಾರಿನ ಕೀರ್ತಿಯಲ್ಲಿ ದೊಡ್ಡ ಪಾಲು ಕೈಯಲ್ಲಿ ಡ್ರಿಲ್ಲು ಹಿಡಿದವರಿಗೆ ಸಲ್ಲಬೇಕು. ವಿಮರ್ಶಕರು ಅದನ್ನು ಅಡಿಟಿಪ್ಪಣಿಗೆ ತಳ್ಳಿದ್ದಾರೆ.

ಚಳಿ ಅಲ್ಲಿ ಮಾಡುವ ಕೆಲಸವನ್ನು ಇಲ್ಲಿ ಬಿಸಿಲು ಮಾಡುತ್ತದೆ. ಮಳೆಗಾಲದ ಕೊನೆಗೆ ತುಂಬಿದ ಕೆರೆ ಮೇ ತಿಂಗಳವರೆಗೆ ಇಳಿಯುತ್ತ ಹೋಗುತ್ತದೆ, ಆಯಾ ದಿನದ ನೀರಂಚು ಒಂದೊಂದು ಕಾಂಟೂರನ್ನು ತಾನೇ ಬರೆಯುತ್ತದೆ. ಸೆಂಟಿನೆಲ್-2 ಉಪಗ್ರಹಗಳು ಹತ್ತು ಮೀಟರ್ ವಿವರದಲ್ಲಿ ಕೆಲವೇ ದಿನಗಳಿಗೊಮ್ಮೆ ಅದನ್ನು ಚಿತ್ರಿಸುತ್ತವೆ, ಪುಕ್ಕಟೆ. ಆದರೆ ಆ ದಿನ ನೀರು ಯಾವ ಮಟ್ಟದಲ್ಲಿತ್ತು ಎಂಬುದು ಗೊತ್ತಿಲ್ಲದಿದ್ದರೆ ಚಿತ್ರ ಬರೀ ಚಿತ್ರ. ಅದಕ್ಕೆ ಬೇಕಿರುವುದು ತೂಬಿನ ಕಂಬದ ಮೇಲೆ ಬಣ್ಣದಲ್ಲಿ ಬರೆದ ಗೇಜು, ಕೋಡಿಯ ಮೇಲೊಂದು ಬೆಂಚ್‌ಮಾರ್ಕು, ವಾರಕ್ಕೊಮ್ಮೆ ಓದಿ ಬರೆಯುವ ಒಬ್ಬ ಮನುಷ್ಯ. ಕೆಂಪು ಬಾಳೆಯ ಕಮಲಾಪುರ ತಾಲ್ಲೂಕಿನ ಗಂಡೋರಿ ನಾಲಾದಂಥ ಅಣೆಕಟ್ಟಿಗೆ ಮಟ್ಟ ಮತ್ತು ಸಾಮರ್ಥ್ಯದ ಪಟ್ಟಿ ಇಲ್ಲದೆ ನಡೆಯುವುದೇ ಇಲ್ಲ. ಪಕ್ಕದ ಊರಕೆರೆಗೆ ಅದು ಐಷಾರಾಮ ಎಂದು ಯಾರು ತೀರ್ಮಾನಿಸಿದರೋ. ಅಣೆಕಟ್ಟಿನಲ್ಲೂ ಅಂಕಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಸುಮಾರು 133 ಟಿಎಂಸಿ ಅಡಿಗೆ ಕಟ್ಟಿದ ತುಂಗಭದ್ರಾ 2008ರ ಸರ್ವೆಯಲ್ಲಿ 100.855ಕ್ಕೆ ಇಳಿದಿತ್ತು, 2016ರ ಸರ್ವೆಯಲ್ಲಿ 105.788 ಆಯಿತು. ಎಂಟು ವರ್ಷದಲ್ಲಿ ಐದು ಟಿಎಂಸಿ ಹೂಳು ತಾನಾಗಿ ಎದ್ದು ಹೋಗಲಿಲ್ಲ, ಅಳೆದ ಬಗೆ ಬದಲಾಯಿತು ಎನ್ನಬೇಕು. ಅಷ್ಟು ದೊಡ್ಡ ಜಲಾಶಯದಲ್ಲೇ ಹೀಗಾದರೆ, ಮುಂಚಿನ ಲೆವೆಲ್ಲೂ ಇಲ್ಲದೆ ನಂತರದ ಲೆವೆಲ್ಲೂ ಇಲ್ಲದೆ ಟಿಪ್ಪರ್ ಟ್ರಿಪ್ಪಿನ ಲೆಕ್ಕದಲ್ಲಿ ಕೆರೆಯ ಹೂಳು ತೆಗೆದು ಬಿಲ್ಲು ಬರೆದರೆ ಅದನ್ನು ಯಾರು, ಹೇಗೆ ಪರಿಶೀಲಿಸುವುದು?

ಗಡಿಯೇ ಉಳಿಯದಿದ್ದರೆ ಆಳ ಅಳೆದು ಏನು ಪ್ರಯೋಜನ ಎಂಬ ಆಕ್ಷೇಪಣೆಗೆ ತೂಕವಿದೆ. ಗಡಿಕಲ್ಲು ಬೇಕು, ನ್ಯಾಯಾಲಯದಲ್ಲಿ ಅದೇ ನಿಲ್ಲುತ್ತದೆ. ಆದರೆ ಕೋಡಿ ಮಟ್ಟದವರೆಗೆ ನೀರು ಎಲ್ಲಿ ಹರಡುತ್ತದೆ ಎಂಬ ಕಾಂಟೂರು ಇದ್ದರೆ ಗಡಿಯ ವಾದವೇ ಗಟ್ಟಿಯಾಗುತ್ತದೆ; ಹಳೆಯ ನಕ್ಷೆಯ ಗೆರೆಯನ್ನು ಪ್ರಶ್ನಿಸುವವನಿಗೆ ನೀರಿನ ಮಟ್ಟವನ್ನು ಪ್ರಶ್ನಿಸುವುದು ಕಷ್ಟ. ಹೊಸ ಉಪಗ್ರಹ ಎಲ್ಲವನ್ನೂ ಮಾಡುತ್ತದೆ ಎಂಬ ಇನ್ನೊಂದು ಆಕ್ಷೇಪಣೆಯನ್ನು ನಾನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳಲಾರೆ. ಸುಲಭವಾಗಿ ಸಿಗುತ್ತದೆಂದು ಎಲ್ಲರೂ ಬಳಸುವ ಎಸ್‌ಆರ್‌ಟಿಎಂ ಎತ್ತರದ ಮಾಹಿತಿ 2000ದ ಫೆಬ್ರುವರಿಯದು, ಅದರ ರೇಡಾರು ಕಂಡದ್ದು ನೀರಿನ ಮೇಲ್ಮೈಯನ್ನೇ ಹೊರತು ತಳವನ್ನಲ್ಲ. 2018ರಲ್ಲಿ ಹಾರಿದ ಐಸ್‌ಸ್ಯಾಟ್-2 ಉಪಗ್ರಹದ ಹಸಿರು ಲೇಸರು ತಿಳಿನೀರಿನಲ್ಲಿ ತಳ ಮುಟ್ಟೀತು, ಎರೆಮಣ್ಣು ಕದಡಿದ ನೀರಿನಲ್ಲಿ ಮುಟ್ಟಲಾರದು.

ಊರೊಳಗಿನ ಕೆರೆಗೆ ಬೇಸಿಗೆಯ ಉಪಾಯವೂ ಪೂರ್ತಿ ಒದಗದು. ಚರಂಡಿ ನೀರು ಸೇರುವ ಕೆರೆ ಮೇ ತಿಂಗಳಲ್ಲೂ ಒಣಗುವುದಿಲ್ಲ, ಅಂತರಗಂಗೆ ಹಬ್ಬಿದರೆ ಉಪಗ್ರಹಕ್ಕೆ ನೀರಂಚೇ ಕಾಣುವುದಿಲ್ಲ. ದೋಣಿಗೆ ಕಟ್ಟಿದ ಎಕೋ ಸೌಂಡರು ಒಂದು ಮೀಟರಿಗಿಂತ ಕಡಿಮೆ ನೀರಿನಲ್ಲಿ ತಡವರಿಸುತ್ತದೆ, ತೆಳು ಕೆಸರನ್ನೇ ತಳವೆಂದು ವರದಿ ಮಾಡುವುದೂ ಉಂಟು. ಅಲ್ಲಿ ಹರಿಗೋಲಿನಿಂದ ಗಣೆ ಇಳಿಸಿ ಎರಡು ಅಂಕಿ ಬರೆದುಕೊಳ್ಳಬೇಕು: ಗಣೆಗೆ ಕೆಸರು ತಾಕಿದ ಆಳ ಒಂದು, ಒತ್ತಿದಾಗ ಗಟ್ಟಿ ನೆಲ ತಾಕಿದ ಆಳ ಇನ್ನೊಂದು. ಎರಡರ ನಡುವಿನ ಅಂತರವೇ ಹೂಳು. ಹೂಳೆತ್ತುವ ಟೆಂಡರಿಗೆ ಮೊದಲು ಆ ಅಂಕಿಗಳ ಪಟ್ಟಿ ಪ್ರಕಟವಾಗಬೇಕು, ಕೆಲಸ ಮುಗಿದ ಮೇಲೆ ಅದೇ ಜಾಗಗಳಲ್ಲಿ ಅದೇ ಗಣೆ ಇನ್ನೊಮ್ಮೆ ಇಳಿಯಬೇಕು.