ಬಂಧ ಮುರಿದರೆ ಶಕ್ತಿ ಬರುವುದೇ?

ಎಟಿಪಿಯ ಫಾಸ್ಫೇಟ್ ಬಂಧ ಮುರಿದಾಗ ಶಕ್ತಿ ಬಿಡುಗಡೆಯಾಗುತ್ತದೆಂದು ಜೀವಶಾಸ್ತ್ರದ ಪಾಠಗಳಲ್ಲಿ ನೀವು ಓದಿರುತ್ತೀರಿ. ರಸಾಯನಶಾಸ್ತ್ರದ ತರಗತಿಯಲ್ಲಾದರೋ, ಯಾವುದೇ ಬಂಧವನ್ನು ಮುರಿಯಲು ಶಕ್ತಿ ಬೇಕೆಂದು ಕಲಿಸುತ್ತೇವೆ. ಎರಡನ್ನೂ ಬಾಯಿಪಾಠ ಮಾಡಿದ ವಿದ್ಯಾರ್ಥಿ ಯಾವುದನ್ನು ನಂಬಬೇಕು?

ಫ್ರಿಟ್ಜ್ ಲಿಪ್‌ಮನ್ 1941ರಲ್ಲಿ ಬಳಕೆಗೆ ತಂದ ‘ಶಕ್ತಿಸಮೃದ್ಧ ಬಂಧ’ವೆಂಬ ಮಾತು ಲೆಕ್ಕಕ್ಕೆ ಅನುಕೂಲ, ಅದು ವಿವರಣೆಯಲ್ಲ. ಎಟಿಪಿಯು ನೀರಿನೊಡನೆ ವರ್ತಿಸಿ ಎಡಿಪಿ ಮತ್ತು ಫಾಸ್ಫೇಟ್ ಆಗುವಾಗ ಹೊಸ ಬಂಧಗಳೂ ಏರ್ಪಡುತ್ತವೆ. ಋಣಾವೇಶಗಳ ನಡುವಿನ ವಿಕರ್ಷಣೆ ತಗ್ಗುತ್ತದೆ. ಇವೆಲ್ಲದರ ಒಟ್ಟು ಫಲವಾಗಿ, ಶಿಷ್ಟ ಸ್ಥಿತಿಯಲ್ಲಿ ಮೋಲ್‌ಗೆ ಸುಮಾರು 30 ಕಿಲೋಜೂಲ್ ಮುಕ್ತಶಕ್ತಿ ದೊರೆಯುತ್ತದೆ. ಪ್ರೋಟೀನಿಗೆ ಸೇರುವ ಮುನ್ನ ಪ್ರತಿಯೊಂದು ಅಮೈನೋ ಆಮ್ಲವನ್ನೂ ಜೀವಕೋಶವು ಎಟಿಪಿಯ ನೆರವಿನಿಂದಲೇ ಸಕ್ರಿಯಗೊಳಿಸುತ್ತದೆ.

ಶಿಕ್ಷಕರೇ, ‘ಬಂಧ ಮುರಿದಾಗ’ ಎನ್ನುವ ಬದಲು ‘ಕ್ರಿಯೆ ನಡೆದಾಗ’ ಎನ್ನಿ. ಆಗ ಎರಡು ಪಾಠಗಳ ನಡುವಣ ವಿರೋಧ ಉಳಿಯದು.