ಮುಳ್ಳಿಲ್ಲದ ಪಾಪಾಸುಕಳ್ಳಿ

ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನದಿಂದ ಬಸವನಗುಡಿ, ಚಾಮರಾಜಪೇಟೆಯ ತಾರಸಿಗಳಿಗೆ ಗುಲಾಬಿ, ದಾಸವಾಳದ ಜೊತೆ ಪುಟ್ಟ ಪಾಪಾಸುಕಳ್ಳಿಗಳೂ ಬರುತ್ತವೆ. ಅವುಗಳಲ್ಲಿ ಕಣ್ಣು ಹೆಚ್ಚು ಹೊತ್ತು ನಿಲ್ಲುವುದು ಆಸ್ಟ್ರೋಫೈಟಮ್ ಆಸ್ಟೀರಿಯಾಸ್ ಮೇಲೆ.

ಇದರ ತವರು ದಕ್ಷಿಣ ಟೆಕ್ಸಾಸ್ ಮತ್ತು ಈಶಾನ್ಯ ಮೆಕ್ಸಿಕೋದ ಒಣ ಕುರುಚಲು. ಮುಳ್ಳೇ ಇಲ್ಲ! ಎತ್ತರ ಐದಾರು ಸೆಂ.ಮೀ., ಮೈಯಲ್ಲಿ ಸಾಮಾನ್ಯವಾಗಿ 8 ಹೋಳು. ಪ್ರತಿ ಹೋಳಿನ ನಡುವೆ ಉಣ್ಣೆಯ ಚುಕ್ಕಿಗಳ ಸಾಲು, ಸುತ್ತ ರಂಗೋಲಿ ಪುಡಿ ಉದುರಿಸಿದಂತೆ ಬಿಳಿ ಬಿಂದುಗಳು. ಭೂತಗನ್ನಡಿ ಹಿಡಿದರೆ ಒಂದೊಂದು ಬಿಂದುವೂ ಸಣ್ಣ ಕೂದಲಿನ ಕುಚ್ಚು. ನೆತ್ತಿಯಲ್ಲಿ ಅರಳುವ ಹಳದಿ ಹೂವಿನ ಒಳಬುಡಕ್ಕೆ ಕೆಂಪು.

ಬೆಂಗಳೂರಿನ ಮಳೆಯಲ್ಲಿ ಇದನ್ನು ಉಳಿಸಿಕೊಳ್ಳುವುದೇ ಕೈಚಳಕ. ಕುಂಡದಲ್ಲಿ ಅರ್ಧಕ್ಕೂ ಹೆಚ್ಚು ದಪ್ಪ ಮರಳು, ಇಟ್ಟಿಗೆ ಚೂರು. ಉಳಿದದ್ದು ಜರಡಿ ಹಿಡಿದ ಕೆಂಪುಮಣ್ಣು, ಒಂದಿಷ್ಟು ಎಲೆಗೊಬ್ಬರ. ಬುಡದ ಸುತ್ತ ಸಣ್ಣ ಜಲ್ಲಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬೆಳಕು ಬಿಡುವ ಶೀಟಿನ ಕೆಳಗೇ ವಾಸ. ಪಳಗಿದ ಕೈ ಕುಂಡವನ್ನು ಎತ್ತಿ, ತೂಕದಿಂದಲೇ ಒಳಗಿನ ತೇವ ತಿಳಿಯುತ್ತದೆ. ಹಗುರಾದ ಮೇಲಷ್ಟೇ ನೀರು. ಚಳಿಗಾಲದಲ್ಲಿ ಹೆಚ್ಚೂಕಡಿಮೆ ಉಪವಾಸ.

ಬೀಜ ಕಟ್ಟಿಸುವುದು ಇನ್ನೂ ನಾಜೂಕು. ತನ್ನದೇ ಪರಾಗದಿಂದ ಗಿಡ ಸಾಮಾನ್ಯವಾಗಿ ಕಾಯಿಬಿಡದು. ಎರಡು ಗಿಡ ಒಟ್ಟಿಗೆ ಅರಳಿದ ಹಗಲು ನೋಡಿಕೊಂಡು, ಮೆತ್ತನೆಯ ಕುಂಚದಿಂದ ಒಂದರ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸಬೇಕು. ಬಿತ್ತಿದ್ದು ಬೇಗ ಮೊಳೆತರೂ ಹೂವಿಗೆ ವರ್ಷಗಳೇ ಕಾಯಬೇಕು.

ತವರಿನಲ್ಲಿ ಕಿತ್ತು ಮಾರುವವರಿಂದ ಸೊರಗಿದ ಈ ಜಾತಿ ಈಗ ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ 1ನೇ ಅನುಬಂಧದಲ್ಲಿದೆ. ಬಲ್ಲವರು ಬೀಜದಿಂದ ಎಬ್ಬಿಸಿದ ಗಿಡವೇ ಎಂದು ವಿಚಾರಿಸಿಯೇ ಕೊಳ್ಳುತ್ತಾರೆ.