ಪಾತ್ರ ಅದೇ, ವೇಷಧಾರಿ ಬೇರೆ

ಮಣಿಪಾಲಕ್ಕೆ ಓದಲು, ದುಡಿಯಲು ಬಂದು ಮೊದಲ ಸಲ ಯಕ್ಷಗಾನಕ್ಕೆ ಕೂರುವವರಿಗೆ ನಾನು ಹೇಳುವುದಿಷ್ಟೇ: ಹೆಸರಾಂತ ಕಲಾವಿದರೊಬ್ಬರ ವೇಷವನ್ನು ಹೊಸಬರು ಮಾಡುವ ಆಟ ಸಿಕ್ಕರೆ ಬಿಡಬೇಡಿ. ಪಕ್ಕದಲ್ಲಿ ಕೂತವರು "ಅವರಿದ್ದಾಗ ನೋಡ್ಬೇಕಿತ್ತು ಮಾರಾಯ್ರೆ" ಎನ್ನುತ್ತಾರೆ. ಅವರ ಪ್ರೀತಿ ನಿಜವಾದದ್ದೇ. ಆದರೆ ಈ ಕಲೆಯ ಒಳಗುಟ್ಟು ಬಿಟ್ಟುಕೊಡುವುದು ಇಂಥ ರಾತ್ರಿಗಳೇ.

ಭಾಗವತರು ಹಾಡುವ ಪದ್ಯ ಪ್ರಸಂಗದಲ್ಲಿ ಬರೆದಿಟ್ಟದ್ದು. ಆ ಪದ್ಯಕ್ಕೆ ವೇಷಧಾರಿ ಹೇಳುವ ಅರ್ಥ ರಂಗಸ್ಥಳದಲ್ಲೇ ಹುಟ್ಟುವಂಥದ್ದು. ಹಾಗಾಗಿ ಕಲಾವಿದ ಬದಲಾದರೆ ಕಥೆ ಕದಲುವುದಿಲ್ಲ, ಪಾತ್ರದ ಸ್ವಭಾವವೇ ಬದಲಾಗಬಹುದು.

ಉತ್ತರದ ಶೈಲಿಯಾದ ಬಡಗುತಿಟ್ಟಿನ ಕೀಚಕನನ್ನೇ ತೆಗೆದುಕೊಳ್ಳಿ. ಆ ವೇಷವೆಂದರೆ ಚಿಟ್ಟಾಣಿ ರಾಮಚಂದ್ರ ಹೆಗಡೆ ಎಂಬಷ್ಟು ಅದು ಅವರದಾಗಿತ್ತು. 2012ರಲ್ಲಿ ಪದ್ಮಶ್ರೀ ಪಡೆದ ಅವರು 2017ರ ಅಕ್ಟೋಬರ್ 3ರಂದು ಮಣಿಪಾಲದ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಕೀಚಕನ ಮೋಹವೆಲ್ಲ ಕಣ್ಣಿನಲ್ಲಿ, ಕುಣಿತದಲ್ಲಿ. ಈಗ ಅದೇ ಪದ್ಯಕ್ಕೆ ಮಾತಿನ ಬಲವುಳ್ಳ ಕಲಾವಿದರೊಬ್ಬರು ಬಂದರೆನ್ನಿ. ಆಗ ಕೀಚಕನನ್ನು ಬಿಟ್ಟು, ಅವನು ಮೋಹಿಸಿ ಕಾಡುವ ಸೈರಂಧ್ರಿಯನ್ನು ನೋಡಿ. ಕುಣಿತದ ಕೀಚಕನೆದುರು ಅವಳು ಮುಖ ತಿರುಗಿಸಿ ಹಿಂದೆ ಸರಿದರೆ ಸಾಕು, ಭಯ ನಮಗೆ ತಲುಪುತ್ತದೆ. ಮಾತಿನ ಕೀಚಕನೆದುರು ಅವಳೂ ವಾದಿಸಲೇಬೇಕು. ಹೆದರಿದ ಹೆಣ್ಣು ನ್ಯಾಯ ಕೇಳುವ ಹೆಣ್ಣಾಗುತ್ತಾಳೆ. ಬದಲಾದದ್ದು ಒಂದು ವೇಷ, ಅದರಿಂದ ಬೆಳೆದದ್ದು ಎದುರುವೇಷ. ಮದ್ದಳೆಯ ಕೈ ಕೂಡ ಬೇರೆಯಾಗುತ್ತದೆ, ಕುಣಿತಕ್ಕೆ ಬಿಡುತ್ತಿದ್ದ ಜಾಗ ಈಗ ಮಾತಿಗೆ ಹೋಗುತ್ತದೆ.

ಟಿವಿಯಲ್ಲೂ ಇದೇ ನಡೆಯುತ್ತದೆ. 2011ರಲ್ಲಿ ಶುರುವಾದ ಬಿಬಿಸಿಯ ‘ಡೆತ್ ಇನ್ ಪ್ಯಾರಡೈಸ್’ ನಗುವೂ ಬೆರೆತ ಪೊಲೀಸ್ ಧಾರಾವಾಹಿ. ಕೆರಿಬಿಯನ್ ದ್ವೀಪದ ಸೆಖೆಯಲ್ಲೂ ಕೋಟು ಬಿಚ್ಚದೆ ಗೊಣಗುವ ಇನ್ಸ್‌ಪೆಕ್ಟರ್ ರಿಚರ್ಡ್ ಪೂಲ್ ಅದರ ನಾಯಕ. 2014ರಲ್ಲಿ ಕಥೆಯೊಳಗೇ ಅವನ ಕೊಲೆಯಾಗಿ, ತನಿಖೆಗೆ ಹಂಫ್ರಿ ಗುಡ್‌ಮನ್ ಬಂದ. ಎಡವುವ, ತಡಬಡಿಸುವ, ದ್ವೀಪವನ್ನು ಮೆಚ್ಚುವ ಮನುಷ್ಯ. ಶಂಕಿತರನ್ನೆಲ್ಲ ಕೂರಿಸಿ ಕೊಲೆಗಾರನನ್ನು ತೋರಿಸುವ ಕೊನೆಯ ದೃಶ್ಯ ಮಾತ್ರ ಹಾಗೆಯೇ ಉಳಿಯಿತು. ಅಲ್ಲಿ ಪಾತ್ರವೇ ಬೇರೆ, ಯಕ್ಷಗಾನದಲ್ಲಿ ಪಾತ್ರ ಅದೇ. ಆದರೂ ನಗುವಿನ ಮೂಲ ಬದಲಾದಾಗ ಸುತ್ತಲಿನ ಪೊಲೀಸರ ವರ್ತನೆಯೂ ಬದಲಾದದ್ದನ್ನು ಗಮನಿಸಿದವರಿಗೆ ಸೈರಂಧ್ರಿ ಬೇಗ ಅರ್ಥವಾಗುತ್ತಾಳೆ.

ಬದಲಾಗುವುದು ವೇಷಧಾರಿಗಳ ಮುಮ್ಮೇಳ ಮಾತ್ರವಲ್ಲ, ಹಾಡುವ ಹಿಮ್ಮೇಳವೂ ಬದಲಾಗುತ್ತದೆ. ಸಾಲಿಗ್ರಾಮ ಮೇಳದ ಭಾಗವತ ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ 32 ತುಂಬಿರಲಿಲ್ಲ. ಆ ಕಂಠಕ್ಕೆ ಹೆಜ್ಜೆ ಹಾಕಿ ರೂಢಿಯಾದವರು ಬೇರೆ ಕಂಠಕ್ಕೆ ಒಗ್ಗಬೇಕಾಯಿತು. ಹಳಬರು ಇಂದಿಗೂ ಹನಿಗಣ್ಣಾಗುವುದು ಸುಮ್ಮನಲ್ಲ.

ಕಾಪು, ಕಾರ್ಕಳದ ಕಡೆಗೆ ಬಂದರೆ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಕಟೀಲು ಮೇಳಗಳ ಹರಕೆಯಾಟ, ಹೆಚ್ಚಾಗಿ ‘ದೇವಿ ಮಹಾತ್ಮೆ’. ದೊಂದಿ ಹಿಡಿದು ಜನರ ನಡುವಿನಿಂದ ಬರುವ ಮಹಿಷಾಸುರನ ಅಬ್ಬರವನ್ನು ಯಾರೂ ತಪ್ಪಿಸಿಕೊಳ್ಳುವುದಿಲ್ಲ. ನೀವು ಅದೇ ಪ್ರಸಂಗದ ಮಾಲಿನಿ ಎಂಬವಳ ದೂತನನ್ನು, ಆ ಹಾಸ್ಯದ ವೇಷವನ್ನು, ಕಾದು ನೋಡಿ. ಹಾಸ್ಯಗಾರರು ಬದಲಾದರೆ ಮಾಲಿನಿಯ ಗತ್ತೂ ಬದಲಾಗುತ್ತದೆ. ದೂತ ಪೆದ್ದನಾದರೆ ಅವಳು ಸಿಡುಕುತ್ತಾಳೆ, ಚುರುಕಾದರೆ ಸವಾಲು ಹಾಕುತ್ತಾಳೆ. ಕಟೀಲಿನದು ಒಂದೇ ಮೇಳವಲ್ಲವಾದ್ದರಿಂದ ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಯೊಳಗೆ ಇದೇ ಪ್ರಸಂಗ ಆಚೆ ಊರಿನಲ್ಲಿ ಬೇರೆ ಕಲಾವಿದರಿಂದ ಸಿಗುತ್ತದೆ. ಎರಡನ್ನೂ ಹತ್ತಿರದ ದಿನಗಳಲ್ಲೇ ನೋಡಿ, ಮೊದಲ ದೂತನ ಮಾತು ಕಿವಿಯಲ್ಲಿರುವಾಗಲೇ.